ಮೂರೇ ಅಕ್ಷರ, ಮೂವತ್ತು ಬೈಟ್

ರಾಷ್ಟ್ರೀಯ ಹೆದ್ದಾರಿ 66ರಿಂದ ದೇರಳಕಟ್ಟೆ, ಕೊಣಾಜೆ ಕಡೆಗೆ ಬಸ್ಸು ತಿರುಗುವ ಜಂಕ್ಷನ್ ತೊಕ್ಕೊಟ್ಟು. ಬೋರ್ಡಿನಲ್ಲಿ ಓದಿದರೆ ಮೂರೇ ಅಕ್ಷರ: ತೊ, ಕ್ಕೊ, ಟ್ಟು. ಕಂಪ್ಯೂಟರಿನ ಲೆಕ್ಕ ಬೇರೆ. ಸ್ವರಚಿಹ್ನೆ, ಒತ್ತು, ಒತ್ತಿನ ಹಿಂದಿನ ಹಲಂತಗಳನ್ನು ಬಿಡಿಬಿಡಿಯಾಗಿ ಎಣಿಸಿ 10 ಸಂಕೇತ ಎನ್ನುತ್ತದೆ. ಯುಟಿಎಫ್-8ರಲ್ಲಿ ಒಂದಕ್ಕೆ 3 ಬೈಟಿನಂತೆ ಒಟ್ಟು 30. ಫೋಲ್ಡರಿಗೆ ಕನ್ನಡದಲ್ಲಿ ಹೆಸರಿಟ್ಟು ಒಂದು ಡಿಸ್ಕಿನಿಂದ ಇನ್ನೊಂದಕ್ಕೆ ಸಾಗಿಸುವವರಿಗೆ ಈ ಲೆಕ್ಕ ಬೇಕಾಗುತ್ತದೆ.

ಇಲ್ಲಿನ ಒಂದು ಮದುವೆಯ ಫೋಟೊಗಳನ್ನೇ ತೆಗೆದುಕೊಳ್ಳಿ. ಊರಿನ ಹೆಸರಿನ ಫೋಲ್ಡರ್. ಅದರೊಳಗೆ ರೋಸ್ ಶಾಸ್ತ್ರ, ಮದುವೆ, ಔತಣ. ಒಂದೊಂದರಲ್ಲೂ ವಿಡಿಯೊ ಬೇರೆ, ಫೋಟೊ ಬೇರೆ. ಮೌಸಿನಿಂದ ಎಳೆದು ಹಾಕಿ, ನಡುವೆ ಕರೆಂಟು ಹೋದರೆ ಯಾವುದು ಹೋಯಿತು, ಯಾವುದು ಉಳಿಯಿತು ಎಂದು ಹುಡುಕುತ್ತ ಕೂರಬೇಕು.

ಟರ್ಮಿನಲ್ ಬಲ್ಲವರ ಹಳೆಯ ದಾರಿ ಟಾರ್. 1979ರ ಯುನಿಕ್ಸ್ ಏಳನೇ ಆವೃತ್ತಿಯಲ್ಲಿ ಟೇಪಿಗೆ ಕಡತ ತುಂಬಲು ಬಂದದ್ದು. ಟೇಪಿನ ಬಳಕೆ ಕುಗ್ಗಿದರೂ ಇದು ಉಳಿಯಿತು. ಮೂಲ ಫೋಲ್ಡರಿನಲ್ಲಿ ಒಂದು ಟಾರ್ ಎಲ್ಲವನ್ನೂ ಕಟ್ಟುತ್ತ ಪೈಪಿಗೆ ಬಿಡುತ್ತದೆ, ಗುರಿ ಫೋಲ್ಡರಿನಲ್ಲಿ ಇನ್ನೊಂದು ಟಾರ್ ಬಿಚ್ಚುತ್ತ ಹೋಗುತ್ತದೆ. ನಡುವೆ ಡಿಸ್ಕಿನ ಮೇಲೆ ಮೂಟೆಯೇ ಇಲ್ಲ. ಕಡತದ ತಾರೀಕು, ಅನುಮತಿ, ಲಿಂಕುಗಳೂ ಜೊತೆಗೇ ಬರುತ್ತವೆ. ಗುರಿಗೆ ಹೋಗುವ ಸಿಡಿ ಆದೇಶದ ನಂತರ ಅರ್ಧವಿರಾಮ ಹಾಕಬೇಡಿ, ಎರಡು ಆಂಪರ್ಸ್ಯಾಂಡ್ ಹಾಕಿ. ಗುರಿ ಫೋಲ್ಡರ್ ಇಲ್ಲದಿದ್ದರೆ ಎರಡನೇ ಟಾರ್ ಮೂಲದಲ್ಲೇ ಬಿಚ್ಚಲು ಕೂತು, ಓದುತ್ತಿರುವ ಕಡತಗಳ ಮೇಲೆಯೇ ಬರೆದುಬಿಡುತ್ತದೆ. ಇದಕ್ಕಿಂತ ಕೆಟ್ಟ ನಕಲು ಇನ್ನೊಂದಿಲ್ಲ.

ಹಳೆಯ ಟಾರ್‌ನಲ್ಲಿ ಹೆಸರಿಗೆ, ಫೋಲ್ಡರುಗಳ ದಾರಿಯೂ ಸೇರಿ, ಇದ್ದದ್ದು 100 ಬೈಟಿನ ಜಾಗ. ಇಂಗ್ಲಿಷಿಗೆ ಧಾರಾಳ, ಕನ್ನಡಕ್ಕೆ 33 ಸಂಕೇತ. ಈಗಿನ ಗ್ನೂ ಟಾರ್‌ಗೆ ಆ ಮಿತಿಯಿಲ್ಲ. ಆದರೆ ಲಿನಕ್ಸಿನ ಎಕ್ಸ್ಟ್4 ಕಡತವ್ಯವಸ್ಥೆ ಒಂದು ಹೆಸರಿಗೆ 255 ಬೈಟಿಗಿಂತ ಹೆಚ್ಚು ಕೊಡುವುದಿಲ್ಲ, ಅಂದರೆ ಕನ್ನಡದ 85 ಸಂಕೇತ. ವಿಂಡೋಸ್ ಬೈಟು ಎಣಿಸದೆ ಸಂಕೇತ ಎಣಿಸಿ 255ರ ತನಕ ಬಿಡುತ್ತದೆ. ಹಾಗಾಗಿ ಅಲ್ಲಿ ಹಾಯಾಗಿದ್ದ ಉದ್ದನೆಯ ಕನ್ನಡ ಹೆಸರು ಇಲ್ಲಿಗೆ ಬಂದು ನಿಂತುಬಿಡಬಹುದು.

ಮ್ಯಾಕ್‌ನ ತಕರಾರು ಇನ್ನೂ ಸ್ವಾರಸ್ಯದ್ದು. ಅದರ ಹಳೆಯ ಎಚ್‌ಎಫ್‌ಎಸ್ ಪ್ಲಸ್ ಡಿಸ್ಕು ಒತ್ವವನ್ನು ಒಂದೇ ಸಂಕೇತವಾಗಿ ಇಡದೆ ಎತ್ವ, ಕೊಂಬಿನಿಳಿ ಎಂದು ಒಡೆದು ಇಡುತ್ತದೆ. ತೊಕ್ಕೊಟ್ಟುವಿನಲ್ಲಿ ಒತ್ವ ಎರಡು; 30 ಬೈಟು 36 ಆಗುತ್ತದೆ. ಪರದೆಯ ಮೇಲೆ ಕೂದಲೆಳೆಯ ವ್ಯತ್ಯಾಸವೂ ಕಾಣದು. ಲಿನಕ್ಸಿಗೆ ಮಾತ್ರ ಇವು ಎರಡು ಬೇರೆ ಫೋಲ್ಡರು. ಎರಡೂ ಕಡೆಯನ್ನು ಹೋಲಿಸಿ ಸಾಗಿಸುವ ಆದೇಶ ಆರ್‌ಸಿಂಕ್ ಇಡೀ ಮದುವೆಯನ್ನು ಮತ್ತೊಮ್ಮೆ ನಕಲಿಸುತ್ತದೆ. ಅದರಲ್ಲೇ ಇರುವ ಐಕಾನ್ವ್ ಆಯ್ಕೆಗೆ ಒಂದು ಬದಿ ಮ್ಯಾಕ್ ಎಂದು ಹೇಳಿದರೆ ಜಗಳ ಮುಗಿಯಿತು.

ಆಂಡ್ರ್ಯೂ ಟ್ರಿಜೆಲ್ ಮತ್ತು ಪಾಲ್ ಮ್ಯಾಕರಸ್ 1996ರಲ್ಲಿ ಹೊರತಂದ ಈ ಆರ್‌ಸಿಂಕ್, ಕರೆಂಟು ಕೈಕೊಡುವ ಊರುಗಳಿಗೆ ಟಾರ್‌ಗಿಂತ ಒಗ್ಗುತ್ತದೆ ಎಂಬುದು ನನ್ನ ಮತ. ಮತ್ತೆ ಓಡಿಸಿದರೆ ಗಾತ್ರ, ತಾರೀಕು ಹೋಲಿಸಿ ಉಳಿದದ್ದನ್ನಷ್ಟೇ ಒಯ್ಯುತ್ತದೆ. ತಾರೀಕು ಉಳಿಸುವ ಆಯ್ಕೆ ಕೊಡದೆ ಸಾದಾ ಸಿಪಿಯಿಂದ ಮೊದಲೇ ನಕಲಿಸಿದ್ದರೆ ಎಲ್ಲ ಕಡತಕ್ಕೂ ಇಂದಿನ ತಾರೀಕು ಬಿದ್ದಿರುತ್ತದೆ, ಆಗ ಹೋಲಿಕೆ ಕೆಡುತ್ತದೆ. ಮೂಲ ಫೋಲ್ಡರಿನ ಹೆಸರಿನ ಕೊನೆಗೆ ಸ್ಲ್ಯಾಷ್ ಇದ್ದರೆ ಒಳಗಿನದ್ದು ಮಾತ್ರ ಹೋಗುತ್ತದೆ, ಇಲ್ಲದಿದ್ದರೆ ಫೋಲ್ಡರೂ ಹೋಗುತ್ತದೆ. ಅನುಮಾನವಿದ್ದರೆ ವಿ ಜೊತೆಗೆ ಎನ್ ಆಯ್ಕೆ ಸೇರಿಸಿ: ಏನನ್ನೂ ಮುಟ್ಟದೆ, ಏನೇನು ಹೋಗಲಿದೆ ಎಂಬ ಪಟ್ಟಿಯನ್ನಷ್ಟೇ ತೋರಿಸುತ್ತದೆ.