ಐದು ಸಲ ‘ಯಾಕೆ’ ಕೇಳಿ: ಮಾರಾಟಕ್ಕೆ ಜಪಾನಿನ ಪಾಠ

ನಾನು ಮೊದಲ ವರ್ಷ ಮಾಡಿದ ಪುನರ್ಪುಳಿ ಸಿರಪ್‌ನಲ್ಲಿ 12 ಬಾಟಲಿ ವಾಪಸ್ ಬಂತು. ‘ಮುಚ್ಚಳ ತೆಗೆದ ಕೂಡಲೇ ಬುಸ್ಸಂತ ನೊರೆ ಉಕ್ಕಿತು ಮಾರಾಯ್ರೆ’ ಅಂತ ಬೆಂಗಳೂರಲ್ಲಿರುವ ನಮ್ಮೂರಿನವರೇ ಫೋನ್ ಮಾಡಿದ್ರು. ಬಾಟಲಿಯಲ್ಲಿ ತಾರೀಕು ಇಲ್ಲ. ಮನೆಯಲ್ಲಿ ಉಳಿದ 40ರಲ್ಲಿ ಒಳ್ಳೆಯದು ಯಾವುದು, ಹಾಳು ಯಾವುದು? ಗೊತ್ತಾಗದೆ ಎಲ್ಲವನ್ನೂ ಗುಂಡಿಗೆ ಸುರಿದೆ. ತೋಟಗಾರಿಕೆ ಪದವಿ ಉಂಟು, ಮಾರುವ ವಿದ್ಯೆ ಇರಲಿಲ್ಲ.

ತಪ್ಪಿನ ಬುಡ ಹುಡುಕಿ

ಬಿಡದಿಯಲ್ಲಿ ಕಾರು ಮಾಡುವ ಟೊಯೋಟಾದವರಲ್ಲಿ ಒಂದು ಪದ್ಧತಿ ಉಂಟು. ಏನಾದ್ರೂ ಕೆಟ್ಟರೆ ಯಾರನ್ನೂ ಬೈಯುವ ಮೊದಲು ಐದು ಸಲ ‘ಯಾಕೆ’ ಕೇಳ್ತಾರೆ. ನಾನೂ ಕೇಳಿದೆ.

ನೊರೆ ಯಾಕೆ? ಸಿರಪ್ ಹುಳಿ ಬಂದಿತ್ತು. ಯಾಕೆ? ಸಕ್ಕರೆ ಸಾಲಲಿಲ್ಲ. ಯಾಕೆ? ಮಳೆಗೆ ಸಿಕ್ಕಿದ ಹಣ್ಣಲ್ಲಿ ನೀರು ಜಾಸ್ತಿ, ಅಳತೆ ಮಾತ್ರ ಹಳೆಯದೇ. ಯಾಕೆ? ಕಣ್ಣಂದಾಜಿನಲ್ಲಿ ಹಾಕಿದ್ದೆ. ಯಾಕೆ? ಅಳೆಯುವ, ಬರೆದಿಡುವ ಕ್ರಮವೇ ಇರಲಿಲ್ಲ.

ಈಗ ರಿಫ್ರಾಕ್ಟೋಮೀಟರ್ ಉಂಟು. ಬ್ರಿಕ್ಸ್ 65 ದಾಟದೆ ಬಾಟಲಿಗೆ ತುಂಬುವುದಿಲ್ಲ. ಪ್ರತಿ ಬಾಟಲಿಗೆ ತಾರೀಕು, ಬ್ಯಾಚ್ ನಂಬರ್ ಹಾಕ್ತೇನೆ. ಒಂದು ಬ್ಯಾಚ್ ಕೆಟ್ಟರೆ ಅದಷ್ಟೇ ಹೋಗ್ತದೆ, ಹೆಸರು ಹೋಗುವುದಿಲ್ಲ.

ಗದ್ದೆ ಕಡಿಮೆ ಇದ್ದ ಊರು

ಜಪಾನಿನ ಓಯಿತಾ ಪ್ರಾಂತ್ಯದ ಓಯಾಮಾ ನಮ್ಮ ಸುಳ್ಯದ ಹಾಗೆ ಗುಡ್ಡದ ಊರು. ಸರ್ಕಾರ ಭತ್ತ ಬೆಳೆಯಿರಿ ಅನ್ನುತ್ತಿದ್ದ ಕಾಲದಲ್ಲೇ, 1961ರಲ್ಲಿ ಅವರು ಪ್ಲಮ್ ಮತ್ತು ಚೆಸ್ಟ್‌ನಟ್ ನೆಟ್ಟರು. ‘ಪ್ಲಮ್, ಚೆಸ್ಟ್‌ನಟ್ ನೆಟ್ಟು ಹವಾಯಿಗೆ ಹೋಗೋಣ’ ಎಂಬುದೇ ಅವರ ಘೋಷಣೆ. ಹಣ್ಣು ಮಾರುವುದಕ್ಕೇ ನಿಲ್ಲಲಿಲ್ಲ, ಉಪ್ಪಿನಕಾಯಿಯಂಥ ಪದಾರ್ಥ ಮಾಡಿ ಮಾರಿದರು. ಇಂಥ ಊರುಗಳನ್ನು ನೋಡಿಯೇ ಗವರ್ನರ್ ಮೊರಿಹಿಕೊ ಹಿರಾಮತ್ಸು 1979ರಲ್ಲಿ ‘ಒಂದು ಹಳ್ಳಿ, ಒಂದು ಉತ್ಪನ್ನ’ ಚಳವಳಿ ಶುರು ಮಾಡಿದ್ದು.

ಅಲ್ಲಿನ ನೇರ ಮಾರಾಟದ ಅಂಗಡಿಗಳ ಕ್ರಮವೂ ನೋಡುವಂಥದ್ದು. ರೈತರು ಬೆಳಿಗ್ಗೆ ಮಾಲು ತಂದಿಡ್ತಾರೆ. ಬೆಲೆ ಅವರದ್ದೇ, ಚೀಟಿಯಲ್ಲಿ ಹೆಸರೂ ಅವರದ್ದೇ. ಅಂಗಡಿಗೆ ಕಮಿಷನ್, ಉಳಿದ ಮಾಲು ರೈತರಿಗೆ ವಾಪಸ್. ಹೆಸರು ಕಾಣುವಾಗ ಕೊಳೆತ ಸೊಪ್ಪು ಕಟ್ಟಿನ ಒಳಗೆ ಅಡಗಿಸಲು ಯಾರಿಗೆ ಧೈರ್ಯ?

ನಮ್ಮಲ್ಲೂ ಆಗಿದೆ

ಇದೆಲ್ಲ ಜಪಾನಿಗೆ ಮಾತ್ರ ಅಂತ ಹೇಳಬೇಡಿ. 1973ರಲ್ಲಿ ಅಡಿಕೆಗಾಗಿ ಹುಟ್ಟಿದ ಕ್ಯಾಂಪ್ಕೋ, ಕೊಕ್ಕೋ ಬೆಲೆ ಬಿದ್ದು ಕೊಳ್ಳುವವರಿಲ್ಲದಾಗ ತಾನೇ ಖರೀದಿಗೆ ಇಳಿಯಿತು. 1986ರಲ್ಲಿ ನಮ್ಮ ಪುತ್ತೂರಿನ ಕೆಮ್ಮಿಂಜೆಯಲ್ಲಿ ಚಾಕಲೇಟ್ ಫ್ಯಾಕ್ಟರಿ ತೆರೆಯಿತು. ಬೀಜ ಮಾರುವುದಕ್ಕಿಂತ ಚಾಕಲೇಟ್ ಮಾಡುವುದು ಮೇಲು ಅಂತ ಹಿರಿಯರಿಗೆ ಆಗಲೇ ಗೊತ್ತಿತ್ತು.

ಈಗ ಸುಳ್ಯ ಕಡೆ ಹಳದಿ ಎಲೆ ರೋಗಕ್ಕೆ ತೋಟಗಳೇ ಹೋಗ್ತಾ ಇವೆ. ಅಡಿಕೆ ಒಂದನ್ನೇ ನಂಬಿದ ಮನೆಗೆ ಎರಡನೇ ಆದಾಯ ಬೇಕೇ ಬೇಕು. ಹಲಸು, ಪುನರ್ಪುಳಿ, ಕಾಳುಮೆಣಸು ನಮ್ಮಲ್ಲಿ ಉಂಟು. ಇಲ್ಲದ್ದು ಲೆಕ್ಕ ಮತ್ತು ಹೆಸರು.

ಈ ವಾರ ಒಂದೇ ಕೆಲಸ ಮಾಡಿ. ನೀವು ಮಾರುವ ಯಾವುದಾದರೂ ಒಂದು ಪದಾರ್ಥಕ್ಕೆ ನಿಮ್ಮ ಹೆಸರು, ಊರು, ತಾರೀಕು, ಬ್ಯಾಚ್ ನಂಬರ್ ಇರುವ ಚೀಟಿ ಅಂಟಿಸಿ. ಅದೇ ನಂಬರಿನಡಿ ಎಷ್ಟು ಹಣ್ಣು, ಎಷ್ಟು ಸಕ್ಕರೆ, ಯಾರಿಗೆ ಮಾರಿದ್ದು ಅಂತ ಫೋನಿನಲ್ಲಿ ಬರೆದಿಡಿ. ದೂರು ಬಂದ ದಿನ ಅದನ್ನು ತೆರೆದು, ಐದು ಸಲ ‘ಯಾಕೆ’ ಕೇಳಿ.