ಕಿವಿ ಮೊದಲು, ನಾಲಗೆ ಆಮೇಲೆ

ಭಾಷೆಯನ್ನು ಕಲಿಯುವುದೆಂದರೆ ನಾಲಗೆಯನ್ನು ಪಳಗಿಸುವುದೆಂದೇ ನಾವು ಸಾಮಾನ್ಯವಾಗಿ ತಿಳಿದಿದ್ದೇವೆ. ಆದರೆ ಮಗುವಿನ ಕಲಿಕೆ ಮೊದಲಾಗುವುದು ಕಿವಿಯಿಂದ. ‘ರೊಟ್ಟಿ’ಯನ್ನು ‘ಲೊಟ್ಟಿ’ ಎನ್ನುವ ಮಗುವಿಗೆ ನಾವೂ ‘ಲೊಟ್ಟಿ ಬೇಕೇ?’ ಎಂದರೆ ಎಷ್ಟೋ ವೇಳೆ ಅದು ಮುನಿಸಿಕೊಂಡು ನಮ್ಮನ್ನೇ ತಿದ್ದಲು ಹೊರಡುತ್ತದೆ. ರಕಾರವು ಅದರ ನಾಲಗೆಗೆ ಇನ್ನೂ ಒಲಿದಿಲ್ಲ. ಕಿವಿಗೆ ಆಗಲೇ ಒಲಿದಿದೆ.

ಈ ಕಿವಿಯ ಶಕ್ತಿ ಎಷ್ಟೆಂಬುದನ್ನು ಕೆನಡಾದ ಜಾನೆಟ್ ವರ್ಕರ್ ಮತ್ತು ರಿಚರ್ಡ್ ಟೀಸ್ ಎಂಬ ವಿದ್ವಾಂಸರು 1984ರಲ್ಲಿ ಪ್ರಕಟಿಸಿದ ಪ್ರಯೋಗವೊಂದು ತೋರಿಸಿತು. ಇಂಗ್ಲಿಷ್ ಮನೆಗಳ ಕೂಸುಗಳಿಗೆ ಹಿಂದಿಯ ತಕಾರ ಟಕಾರಗಳನ್ನು ಕೇಳಿಸಲಾಯಿತು. ಧ್ವನಿ ಬದಲಾದೊಡನೆ ತಲೆ ಹೊರಳಿಸಿದರೆ ಆಟಿಕೆಯೊಂದು ಕಾಣಿಸುವುದು. 6ರಿಂದ 8 ತಿಂಗಳ ಕೂಸುಗಳಲ್ಲಿ ಹೆಚ್ಚಿನವು ಈ ಭೇದವನ್ನು ಗುರುತಿಸಿದುವು. 10ರಿಂದ 12 ತಿಂಗಳ ಕೂಸುಗಳಲ್ಲಿ ಗುರುತಿಸಿದವು ಕೆಲವು ಮಾತ್ರ. ಹಿಂದಿ ಮನೆಯ ಕೂಸುಗಳಲ್ಲಾದರೋ ಆ ಶಕ್ತಿ ಹಾಗೆಯೇ ಉಳಿದಿತ್ತು.

ಇದನ್ನು ನಷ್ಟವೆನ್ನಲಾಗದು. ತನ್ನ ಮನೆಮಾತಿನಲ್ಲಿ ಅರ್ಥಭೇದ ಮಾಡುವ ಧ್ವನಿಗಳನ್ನು ಉಳಿಸಿಕೊಂಡು, ಮಿಕ್ಕ ಭೇದಗಳನ್ನು ಕಡೆಗಣಿಸಲು ಕಲಿಯುವುದೇ ಮಾತಿನ ಮೊದಲ ಪಾಠ. ‘ಕತ್ತು’, ‘ಕಟ್ಟು’ ಬೇರೆಯೆಂದು ಕನ್ನಡದ ಮಗು ತಿಳಿಯಲೇಬೇಕು. ಇಂಗ್ಲಿಷಿನ ಮಗುವಿಗೆ ಆ ಗೊಡವೆಯಿಲ್ಲ.

ಎರಡನೆಯ ಭಾಷೆ ಈ ಜರಡಿಯ ಮೂಲಕವೇ ನಮಗೆ ಕೇಳಿಸುತ್ತದೆ. ಇಂಗ್ಲಿಷಿನಲ್ಲಿ ಪಡುವಣ ದಿಕ್ಕನ್ನು ಹೇಳುವ ಮಾತು ಬೇರೆ, ಒಳಅಂಗಿಯನ್ನು ಹೇಳುವ ಮಾತು ಬೇರೆ. ಮೊದಲನೆಯದರ ಆದಿಧ್ವನಿಗೆ ತುಟಿಗಳು ದುಂಡಾಗಬೇಕು; ಎರಡನೆಯದರ ಆದಿಧ್ವನಿಗೆ ಮೇಲ್ಹಲ್ಲು ಕೆಳತುಟಿಯನ್ನು ಸೋಕಬೇಕು. ನಮಗೆ ಎರಡೂ ‘ವೆಸ್ಟ್’. ನಮ್ಮಲ್ಲಿರುವುದು ಒಂದೇ ವಕಾರ. ಮನೆಯಲ್ಲಿ ಇಂಗ್ಲಿಷನ್ನೇ ಕೇಳದೆ ಕಾಲೇಜಿಗೆ ಬಂದ ನಮ್ಮಂಥವರು ತರಗತಿಯಲ್ಲಿ ಇಂಥ ಪದವನ್ನು ಓದಿದಾಗ ನಗೆ ಏಳುವುದುಂಟು. ಒಮ್ಮೆ ನಗೆಗೀಡಾದವನು ಮತ್ತೆ ಬಾಯಿ ತೆರೆಯನು. ಅದು ಬುದ್ಧಿಯ ಮಾಂದ್ಯವಲ್ಲ, ಕನ್ನಡವನ್ನು ಚೆನ್ನಾಗಿ ಕಲಿತ ಕಿವಿಯ ಗುರುತು. ನಮ್ಮ ತಕಾರ ಟಕಾರಗಳ ಮುಂದೆ ಆಂಗ್ಲರೂ ಹೀಗೆಯೇ ತೊಡರುತ್ತಾರೆ.

ಹಾಗೆಂದು ಬಾಗಿಲು ಮುಚ್ಚಿಹೋಗಿಲ್ಲ. ಇಂಗ್ಲಿಷಿನ ರಕಾರ ಲಕಾರಗಳ ಭೇದ ತಿಳಿಯದ ವಯಸ್ಕ ಜಪಾನೀಯರಿಗೆ ಹಲವರ ಧ್ವನಿಗಳಲ್ಲಿ ಆ ಪದಗಳನ್ನು ಮತ್ತೆ ಮತ್ತೆ ಕೇಳಿಸಿ, ತಪ್ಪು ಒಪ್ಪುಗಳನ್ನು ಒಡನೆಯೇ ತಿಳಿಸಿದಾಗ, ಅವರ ಗ್ರಹಿಕೆ ಉತ್ತಮಗೊಂಡಿತೆಂದು 1991ರ ಸಂಶೋಧನೆ ತಿಳಿಸಿತು. ಬರಿಯ ಕೇಳುವ ಅಭ್ಯಾಸದಿಂದ ಉಚ್ಚಾರಣೆಯೂ ಸುಧಾರಿಸಿತೆಂದು 1997ರಲ್ಲಿ ಕಂಡುಬಂದಿತು.

ಆದುದರಿಂದ ಉಚ್ಚಾರಣೆಯನ್ನು ತಿದ್ದುವವರು ‘ಹೇಳು’ ಎನ್ನುವ ಮುನ್ನ ‘ಕೇಳು’ ಎನ್ನುವುದು ಲೇಸು. ನಗುವುದರಿಂದ ಯಾರ ಕಿವಿಯೂ ತೆರೆಯದು.