ಮಳೆಗಾಲದಲ್ಲಿ ಕೋಳಿಮೊಟ್ಟೆಗಳಿಗೆ ಕಾವು ಕೊಡುವ ವಿಷಯ: ಮಂಗಳೂರು ಕೊಟ್ಟಾರದ ಹವೆಯನ್ನು ಕುರಿತ ವಿಚಾರ

ಕೋಳಿಯ ಮೊಟ್ಟೆಯು ಮರಿಯಾಗುವುದಕ್ಕೆ 21 ದಿನಗಳು ಬೇಕೆಂಬುದು ಮನೆಯ ಮಕ್ಕಳಿಗೂ ತಿಳಿದ ಸಂಗತಿಯಷ್ಟೆ. ಆದರೆ ಆ ದಿನಗಳಲ್ಲಿ ಮೊಟ್ಟೆಯು ತನ್ನೊಳಗಿನ ನೀರಿನಲ್ಲಿ ಎಷ್ಟು ಭಾಗವನ್ನು ಹೊರಕ್ಕೆ ಬಿಡಬೇಕೆಂಬುದನ್ನು ವಿಚಾರ ಮಾಡುವವರು ವಿರಳ. ಕರಾವಳಿಯಲ್ಲಿ ಮಳೆಗಾಲಕ್ಕೆ ಮೊಟ್ಟೆಯಿಟ್ಟ ಅನೇಕರಿಗೆ ಒಂದು ದುಃಖದ ಅನುಭವ ಉಂಟು. ಇಪ್ಪತ್ತೊಂದನೆಯ ದಿನ ಕಳೆಯುತ್ತದೆ, ಇಪ್ಪತ್ತೆರಡೂ ಕಳೆಯುತ್ತದೆ, ಚಿಪ್ಪು ಬಿರಿಯುವುದಿಲ್ಲ. ಒಡೆದು ನೋಡಿದರೆ ಕೊಕ್ಕು ಉಗುರುಗಳೆಲ್ಲ ಬೆಳೆದು ಮೈತುಂಬ ತುಪ್ಪಳ ಮೂಡಿದ ಮರಿಯು ಒಳಗೇ ಸತ್ತಿರುತ್ತದೆ. ಮೊಟ್ಟೆ ಕೆಟ್ಟದ್ದೆಂದೂ, ಹುಂಜ ಬಲಹೀನವೆಂದೂ, ದೃಷ್ಟಿ ತಾಗಿತೆಂದೂ ನಾನಾ ಕಾರಣಗಳನ್ನು ಹೇಳುವರು. ಬಹುಪಾಲು ಸಂದರ್ಭಗಳಲ್ಲಿ ಆ ಮರಿಯು ನೀರಿನಲ್ಲಿ ಮುಳುಗಿ ಸತ್ತಂತೆಯೇ ಸತ್ತಿರುತ್ತದೆ. ಇದರ ಕಾರಣವನ್ನೂ ನಿವಾರಣೋಪಾಯವನ್ನೂ ಇಲ್ಲಿ ವಿವರಿಸಲುದ್ದೇಶಿಸಿರುವೆವು.

ಇದು ಅಲ್ಪ ನಷ್ಟವೆಂದು ದೊಡ್ಡ ಜಮೀನಿನ ಯಜಮಾನರಿಗೆ ತೋರಬಹುದು. ಆದರೆ ನಾಟಿ ಹೇಂಟೆಯೊಂದು ಒಂದು ಸರದಿಗೆ ಹನ್ನೆರಡು ಹದಿನೈದು ಮೊಟ್ಟೆಗಳನ್ನಿಟ್ಟು ಕಾವಿಗೆ ಬರುತ್ತದೆ. ವರ್ಷದ ಮೊಟ್ಟೆ ಒಟ್ಟಿನಲ್ಲಿ ಐವತ್ತು ಅರುವತ್ತನ್ನು ಮೀರುವುದು ಅಪರೂಪ. ಹಾಗಿರುವಾಗ ಒಂದು ಕಾವು ವ್ಯರ್ಥವಾದರೆ ಆ ಮನೆಯ ಹೆಂಗಸಿನ ಕೈಗೆ ಬರಬೇಕಾದ ವರುಷದ ಹುಟ್ಟುವಳಿಯಲ್ಲಿ ನಾಲ್ಕನೆಯ ಅಥವಾ ಐದನೆಯ ಒಂದು ಭಾಗ ಹೋದಂತೆಯೇ ಸರಿ. ಗ್ರಾಮದ ಹಿರಿಯರೂ ಗುತ್ತಿನ ಮನೆಯವರೂ ತಮ್ಮ ಮನೆಯಲ್ಲಿ ಒಂದು ಕಾವುಪೆಟ್ಟಿಗೆಯನ್ನಿಟ್ಟು ನೆರೆಹೊರೆಯವರ ಮೊಟ್ಟೆಗಳಿಗೂ ಅದರಲ್ಲಿ ಸ್ಥಳ ಕೊಡುವ ಪಕ್ಷದಲ್ಲಿ, ಮುಂದೆ ಹೇಳುವ ವಿಷಯಗಳನ್ನು ಮೊದಲು ತಾವು ಚೆನ್ನಾಗಿ ಮನದಟ್ಟು ಮಾಡಿಕೊಂಡಿರಬೇಕು. ಪರರ ಮೊಟ್ಟೆಯನ್ನು ಕೈಗೆ ತೆಗೆದುಕೊಂಡು ಕೆಡಿಸುವುದು ಸಲ್ಲದು.

ಕೊಟ್ಟಾರವೆಂದರೆ ಕನ್ನಡದಲ್ಲಿ ಉಗ್ರಾಣ, ಕಣಜ ಎಂದು ಅರ್ಥ. ಮಂಗಳೂರಿನ ಕೊಟ್ಟಾರವು ಈಗ ಪೂರ್ಣವಾಗಿ ಪಟ್ಟಣದ ಭಾಗವಾಗಿದೆ. ಕೊಟ್ಟಾರ ಚೌಕಿಯ ಮೇಲೆ ರಾಷ್ಟ್ರೀಯ ಹೆದ್ದಾರಿಯು ಉತ್ತರಕ್ಕೆ ಕೂಳೂರಿನ ಕಡೆಗೆ ಹಾದುಹೋಗುತ್ತದೆ. ಆದರೂ ತೆಂಗಿನ ಮರಗಳ ಹಿತ್ತಿಲಿರುವ ಮನೆಯಲ್ಲಿ ನಾಲ್ಕು ಕೋಳಿಗಳನ್ನು ಸಾಕಲು ಅಡ್ಡಿಯಿಲ್ಲ. ಮಂಗಳೂರಿನಲ್ಲಿ ವರ್ಷಕ್ಕೆ ಬೀಳುವ ಮಳೆಯು 3,500 ಮಿಲಿಮೀಟರಿಗೂ ಹೆಚ್ಚು. ಅದರ ಅತ್ಯಧಿಕ ಭಾಗವು ಜೂನ್ ಮೊದಲುಗೊಂಡು ಸೆಪ್ಟೆಂಬರ್ ಪರ್ಯಂತ ಸುರಿಯುತ್ತದೆ. ದೊಡ್ಡ ಮಳೆ ಬಂದಾಗ ಚೌಕಿಯ ತಗ್ಗಿನಲ್ಲಿ ನೀರು ನಿಲ್ಲುವುದನ್ನು ಆ ದಾರಿಯಲ್ಲಿ ಹೋಗುವವರೆಲ್ಲರೂ ಬಲ್ಲರು. ಆ ತಿಂಗಳುಗಳಲ್ಲಿ ಬಟ್ಟೆ ಒಣಗುವುದಿಲ್ಲ, ಉಪ್ಪು ನೀರಾಗುತ್ತದೆ, ಚರ್ಮದ ಪಾದರಕ್ಷೆಗೆ ಬೂಷ್ಟು ಹಿಡಿಯುತ್ತದೆ. ಅದೇ ಗಾಳಿಯಲ್ಲಿ ಮೊಟ್ಟೆಯೂ ಒಣಗಲಾರದು ಎಂಬುದನ್ನು ಮಾತ್ರ ನಾವು ಮರೆಯುತ್ತೇವೆ.

ಮೊಟ್ಟೆಯ ಚಿಪ್ಪು ನೋಡುವುದಕ್ಕೆ ಕಲ್ಲಿನಂತಿದ್ದರೂ ಅದರಲ್ಲಿ ಸಾವಿರಾರು ಸೂಕ್ಷ್ಮ ರಂಧ್ರಗಳುಂಟು. ಅವುಗಳ ಮೂಲಕ ಒಳಗಿನ ಮರಿಗೆ ಪ್ರಾಣವಾಯು ಸೇರುವುದು. ಅವುಗಳ ಮೂಲಕವೇ ನೀರು ಆವಿಯಾಗಿ ಹೊರಬೀಳುವುದು. ಹೊರಬಿದ್ದ ನೀರಿನ ಸ್ಥಳದಲ್ಲಿ ಗಾಳಿ ತುಂಬಿಕೊಂಡು ಮೊಟ್ಟೆಯ ಅಗಲವಾದ ತುದಿಯಲ್ಲಿ ಗಾಳಿಗೂಡು ಬೆಳೆಯುತ್ತದೆ. ಹತ್ತೊಂಬತ್ತು ಇಪ್ಪತ್ತನೆಯ ದಿನಗಳಲ್ಲಿ ಮರಿಯು ಮೊದಲು ತನ್ನ ಕೊಕ್ಕನ್ನು ಚಾಚುವುದು ಈ ಗೂಡಿಗೆ. ಅಲ್ಲಿಯ ಗಾಳಿಯಿಂದಲೇ ಅದರ ಶ್ವಾಸಕೋಶಗಳ ಮೊದಲನೆಯ ಉಸಿರು. ಮೊದಲ 18 ದಿನಗಳಲ್ಲಿ ಮೊಟ್ಟೆಯು ತನ್ನ ತೂಕದಲ್ಲಿ ನೂರಕ್ಕೆ 12ರಿಂದ 13ರಷ್ಟನ್ನು ಕಳೆದುಕೊಂಡರೆ ಗೂಡು ತಕ್ಕ ಪ್ರಮಾಣದಲ್ಲಿರುತ್ತದೆ. ಅದಕ್ಕಿಂತ ಬಹಳ ಕಡಿಮೆ ಕಳೆದರೆ ಗೂಡು ಕಿರಿದಾಗಿ, ಮರಿಯು ಊದಿಕೊಂಡು, ತಿರುಗಲು ಎಡೆಯಿಲ್ಲದೆ ಉಸಿರು ಕಟ್ಟುವುದು. ಬಹಳ ಹೆಚ್ಚು ಕಳೆದರೆ ಮರಿಯು ಸಣ್ಣದಾಗಿ ಒಳಪೊರೆಗೆ ಅಂಟಿಕೊಳ್ಳುವುದು.

ಕಾವುಪೆಟ್ಟಿಗೆಗಳ ಸೂಚನಾಪತ್ರಗಳಲ್ಲೆಲ್ಲ ಮೊದಲ ದಿನದಿಂದಲೇ ತಟ್ಟೆಯಲ್ಲಿ ನೀರಿಡಬೇಕೆಂದು ಹೇಳಿರುತ್ತದೆ. ಈ ಸೂಚನೆಯು ಒಣ ಹವೆಯ ಪ್ರದೇಶಗಳಿಗೆ ಸರಿ. ಇಪ್ಪತ್ತು ಡಿಗ್ರಿ ಸೆಲ್ಸಿಯಸ್ ಶಾಖದಲ್ಲಿ ನೂರಕ್ಕೆ 50ರಷ್ಟು ತೇವವಿರುವ ಬಯಲುಸೀಮೆಯ ಗಾಳಿಯನ್ನು ಪೆಟ್ಟಿಗೆಯೊಳಗೆ 37.5 ಡಿಗ್ರಿಗೆ ಕಾಯಿಸಿದರೆ ಅದರ ತೇವದ ಪ್ರಮಾಣವು ನೂರಕ್ಕೆ 20ಕ್ಕೂ ಕೆಳಗೆ ಇಳಿಯುತ್ತದೆ. ಅಲ್ಲಿ ನೀರಿಡದಿದ್ದರೆ ಮೊಟ್ಟೆ ಬತ್ತಿಹೋಗುವುದು ನಿಶ್ಚಯ. ಆದರೆ ಕೊಟ್ಟಾರದ ಜುಲೈ ತಿಂಗಳಿನ ಗಾಳಿಯನ್ನು ತೆಗೆದುಕೊಳ್ಳಿರಿ. 27 ಡಿಗ್ರಿಯಲ್ಲಿ ನೂರಕ್ಕೆ 90ರಷ್ಟು ತೇವವಿರುವ ಗಾಳಿಯನ್ನು 37.5 ಡಿಗ್ರಿಗೆ ಕಾಯಿಸಿದರೂ ಅದರಲ್ಲಿ ನೂರಕ್ಕೆ 50ರಷ್ಟು ತೇವ ಉಳಿದೇ ಇರುತ್ತದೆ. ಮೊದಲ 18 ದಿನ ಮೊಟ್ಟೆಗೆ ಬೇಕಾದದ್ದು ಹೆಚ್ಚುಕಡಿಮೆ ಅಷ್ಟೇ. ಅದರ ಮೇಲೆ ಒಂದು ತಟ್ಟೆ ನೀರನ್ನೂ ಇಟ್ಟರೆ ಪೆಟ್ಟಿಗೆಯೊಳಗೆ ಮತ್ತೊಂದು ಮಳೆಗಾಲವನ್ನು ಮಾಡಿದಂತಾಗುವುದು. ಆದಕಾರಣ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ನಮ್ಮ ಕರಾವಳಿಯಲ್ಲಿ ಮೊದಲ 18 ದಿನ ತಟ್ಟೆಯನ್ನು ಬರಿದಾಗಿಯೇ ಇರಿಸುವುದು ಲೇಸು. ಡಿಸೆಂಬರ್ ಜನವರಿಗಳಲ್ಲಿ ಭೂಮಿಯ ಕಡೆಯಿಂದ ಒಣಗಾಳಿ ಬೀಸುವ ದಿನಗಳುಂಟು. ಆಗ ಸಣ್ಣ ಬಟ್ಟಲಿನಲ್ಲಿ ನೀರು ಬೇಕಾಗುತ್ತದೆ.

ಇದನ್ನು ಊಹೆಯಿಂದ ನಿಶ್ಚಯಿಸಬೇಕಾಗಿಲ್ಲ. ಗ್ರಾಮಿನ ಲೆಕ್ಕ ತೋರಿಸುವ ಅಡಿಗೆಮನೆಯ ತಕ್ಕಡಿಯೊಂದಿದ್ದರೆ ಸಾಕು. ಮೊಟ್ಟೆಗಳನ್ನು ಇಡುವ ದಿನ ಪ್ರತಿಯೊಂದರ ಮೇಲೂ ಸೀಸದಕಡ್ಡಿಯಿಂದ ಸಂಖ್ಯೆ ಬರೆದು ತೂಗಿ ಪುಸ್ತಕದಲ್ಲಿ ಗುರುತು ಮಾಡಿಕೊಳ್ಳತಕ್ಕದ್ದು. ನಾಟಿ ಕೋಳಿಯ ಮೊಟ್ಟೆಯನ್ನು ಸುಮಾರು 40 ಗ್ರಾಮೆಂದು ಹಿಡಿದರೆ ಹತ್ತು ಮೊಟ್ಟೆಗಳು 400 ಗ್ರಾಮು. ಏಳನೆಯ ದಿನ ಅವು 380ರ ಆಸುಪಾಸಿನಲ್ಲಿಯೂ, ಹದಿನಾಲ್ಕನೆಯ ದಿನ 361ರ ಆಸುಪಾಸಿನಲ್ಲಿಯೂ, ಹದಿನೆಂಟನೆಯ ದಿನ 350ರ ಆಸುಪಾಸಿನಲ್ಲಿಯೂ ಇರಬೇಕು. ಏಳನೆಯ ದಿನದ ತೂಕವು 388 ಅಥವಾ 390 ಇದ್ದರೆ ಪೆಟ್ಟಿಗೆಯಲ್ಲಿ ತೇವ ಅಧಿಕವೆಂದು ತಿಳಿದು, ನೀರಿದ್ದರೆ ತೆಗೆದು, ಗಾಳಿಯ ಕಂಡಿಗಳನ್ನು ಇನ್ನಷ್ಟು ತೆರೆಯಬೇಕು. ತೂಕವು 370ಕ್ಕೆ ಇಳಿದಿದ್ದರೆ ನೀರಿಡಬೇಕು. ನಡುವೆ ಕೆಟ್ಟ ಮೊಟ್ಟೆಯನ್ನು ತೆಗೆದರೆ ಅದರ ಮೊದಲಿನ ತೂಕವನ್ನು ಲೆಕ್ಕದಿಂದ ಕಳೆಯುವುದನ್ನು ಮರೆಯಬಾರದು. ಬೆಲೆಯುಳ್ಳ ತೇವಮಾಪಕಗಳು ಪೇಟೆಯಲ್ಲಿ ದೊರೆಯುತ್ತವೆ. ಅವುಗಳಲ್ಲಿ ಕೆಲವು ತಪ್ಪು ತೋರಿಸುವುದೂ ಉಂಟು. ಮೊಟ್ಟೆಯ ತೂಕವು ತಪ್ಪು ಹೇಳುವುದಿಲ್ಲ.

ಮೊಟ್ಟೆಗಳನ್ನು ಕೂಡಿಡುವ ವಿಷಯದಲ್ಲಿಯೂ ಕರಾವಳಿಗೆ ಬೇರೆಯೇ ಎಚ್ಚರಿಕೆ ಬೇಕು. ಗುಡುಗಿಗೆ ಮೊಟ್ಟೆ ಕೆಡುತ್ತದೆಂದು ಕಾವಿನ ಬುಟ್ಟಿಯಲ್ಲಿ ಕಬ್ಬಿಣದ ಚೂರನ್ನೋ ಇದ್ದಿಲನ್ನೋ ಇಡುವ ಪದ್ಧತಿಯು ದಕ್ಷಿಣದೇಶದ ಅನೇಕ ಕಡೆಗಳಲ್ಲುಂಟು. ಗುಡುಗಿನ ಕಾಲದಲ್ಲಿ ಮೊಟ್ಟೆ ಕೆಡುವುದೇನೋ ನಿಜ. ಆದರೆ ಅಪರಾಧವು ಗುಡುಗಿನದಲ್ಲ, ಮೇ ತಿಂಗಳ ಸೆಕೆಯದು. ಇಟ್ಟ ಮೊಟ್ಟೆಯು ತಂಪಿನಲ್ಲಿದ್ದರೆ ಒಳಗಿನ ಜೀವಾಂಕುರವು ನಿದ್ರಿಸುತ್ತಿರುವುದು. ಸೆಕೆಯ ಕೋಣೆಯಲ್ಲಿಟ್ಟರೆ ಕಾವಿಲ್ಲದೆಯೇ ಅದು ಅರೆಬರೆಯಾಗಿ ಬೆಳೆಯಲಾರಂಭಿಸಿ, ಪೂರ್ಣ ಶಾಖ ದೊರೆಯದೆ ಬಲಗುಂದಿ ಸಾಯುವುದು. ಉತ್ತಮವಾದ ಸಂಗ್ರಹಕ್ಕೆ 15ರಿಂದ 18 ಡಿಗ್ರಿ ಶಾಖ ಬೇಕು. ಅಂಥ ತಂಪು ಮಂಗಳೂರಿನ ಮನೆಗಳಲ್ಲಿ ತಾನಾಗಿ ದೊರೆಯದು. ಆದುದರಿಂದ ಮೊಟ್ಟೆಗಳನ್ನು ದಿನಕ್ಕೆ ಎರಡು ಮೂರು ಸಲ ಆಯ್ದು, ಮನೆಯ ಅತಿ ತಂಪಾದ ಮೂಲೆಯಲ್ಲಿ ಚೂಪಾದ ತುದಿ ಕೆಳಗಾಗಿ ನಿಲ್ಲಿಸಿ, ನಾಲ್ಕೈದು ದಿನಗಳೊಳಗಾಗಿ ಕಾವಿಗೆ ಇಡಬೇಕು. ಬೇಸಿಗೆಯಲ್ಲಿ ಮಣ್ಣಿನ ಮಡಿಕೆಯನ್ನು ಒದ್ದೆ ಮರಳಿನಲ್ಲಿ ಹೂಳಿ ಅದರೊಳಗಿಟ್ಟರೆ ಸ್ವಲ್ಪ ಅನುಕೂಲ. ಮಳೆಗಾಲದಲ್ಲಿ ಈ ಉಪಾಯ ಫಲಿಸದು. ಹನ್ನೆರಡು ಮೊಟ್ಟೆ ಕೂಡಲೆಂದು ಹದಿನೈದು ದಿನ ಕಾಯುವುದಕ್ಕಿಂತ ಏಳು ಹೊಸ ಮೊಟ್ಟೆಗಳನ್ನಿಡುವುದೇ ಲಾಭ. ಮೊಟ್ಟೆಗಳನ್ನು ತೊಳೆಯಲಾಗದು. ಅಂಗಡಿಯಲ್ಲಿ ಮಾರುವ ಬಿಳಿ ಮೊಟ್ಟೆಗಳು ಹುಂಜವಿಲ್ಲದ ಫಾರಮುಗಳಿಂದ ಬಂದವಾದ್ದರಿಂದ ಅವುಗಳಿಗೆ ಎಷ್ಟು ಕಾವು ಕೊಟ್ಟರೂ ಮರಿ ಬಾರದು.

ಹುಂಜದ ಮಾತು ಬಂದುದರಿಂದ ಒಂದು ಸಂಗತಿಯನ್ನು ಹೇಳಬೇಕಾಗಿದೆ. ನಮ್ಮ ಜಿಲ್ಲೆಯಲ್ಲಿ ಚೆಲುವಾದ, ಗಟ್ಟಿಯಾದ ಹುಂಜವನ್ನು ಅಂಕಕ್ಕೆಂದು ತೆಗೆದಿಟ್ಟು, ಹಿಂಡಿಗೆ ಉಳಿದ ಯಾವುದೋ ಒಂದನ್ನು ಬಿಡುವ ವಾಡಿಕೆ ಕಾಣುತ್ತದೆ. ಬಿತ್ತನೆಯ ಭತ್ತಕ್ಕೆ ಜೊಳ್ಳನ್ನು ಯಾರೂ ಆರಿಸುವುದಿಲ್ಲವಷ್ಟೆ! ಎಂಟು ಹತ್ತು ಹೇಂಟೆಗಳಿಗೆ ಒಂದರಂತೆ ಒಳ್ಳೆಯ ಹುಂಜವನ್ನೇ ಬಿಡತಕ್ಕದ್ದು. ಗಿರಿರಾಜವೇ ಮೊದಲಾದ ಬೆರಕೆ ತಳಿಗಳನ್ನು ಸಾಕಿದವರು ಅವುಗಳ ಮೊಟ್ಟೆಯಿಂದ ಮನೆಯಲ್ಲಿ ಮರಿ ಮಾಡಿಸಿದರೆ ತಾಯಿತಂದೆಗಳ ಗುಣವು ಎಲ್ಲ ಮರಿಗಳಿಗೂ ಸಮನಾಗಿ ಇಳಿಯದೆಂಬುದನ್ನು ಲಕ್ಷ್ಯದಲ್ಲಿಡಬೇಕು.

ಹೇಂಟೆಯೇ ಕಾವಿಗೆ ಕುಳಿತಿದ್ದರೆ ಯಂತ್ರದ ಹಂಗಿಲ್ಲ. ಅದು ಎದೆಯ ಬರಿಯ ಚರ್ಮವನ್ನು ಮೊಟ್ಟೆಗೆ ಒತ್ತಿ ಶಾಖ ಕೊಡುತ್ತದೆ, ದಿನಕ್ಕೆ ಹಲವು ಸಲ ಮೊಟ್ಟೆಗಳನ್ನು ಹೊರಳಿಸುತ್ತದೆ, ಒಮ್ಮೆ ಎದ್ದು ಹೋಗಿ ಗೂಡಿಗೆ ಗಾಳಿಯಾಡಿಸುತ್ತದೆ. ನಾವು ಮಾಡಬೇಕಾದದ್ದು ಅದರ ಬುಟ್ಟಿಯನ್ನು ಒಣದಾಗಿಡುವುದು. ಮಳೆಗಾಲದಲ್ಲಿ ಬುಟ್ಟಿಯನ್ನು ಸಿಮೆಂಟಿನ ನೆಲದ ಮೇಲಿಡದೆ ಹಲಗೆಯ ಮೇಲೆ ಎತ್ತರಿಸಬೇಕು. ತಳಕ್ಕೆ ಹಳೆಯ ಬೈಹುಲ್ಲನ್ನು ಹಾಸುವುದು ಅಪಾಯಕರ. ಅದರಲ್ಲಿ ಕಣ್ಣಿಗೆ ಕಾಣದ ಬೂಷ್ಟು ಹಿಡಿದಿದ್ದರೆ ಹುಟ್ಟಿದ ಮರಿಗಳು ಅದನ್ನು ಉಸಿರಾಡಿ, ಬಾಯಿ ತೆರೆದು ಏದುತ್ತಾ ಒಂದೆರಡು ವಾರಗಳಲ್ಲಿ ಸಾಯುವುವು. ಒಲೆಯ ಹತ್ತಿರ ಒಣಗಿಸಿದ ಮರಳನ್ನೂ ಸ್ವಲ್ಪ ಬೂದಿಯನ್ನೂ ಹಾಕಿ ಮೇಲೆ ಒಣಗಿದ ಬಾಳೆಯ ತರಗನ್ನು ಹಾಸಬಹುದು. ಬೂದಿಯಿಂದ ಹೇನಿನ ಬಾಧೆಯೂ ತಗ್ಗುತ್ತದೆ. ಕಡೆಯ ದಿನಗಳಲ್ಲಿ ಮೊಟ್ಟೆಗೆ ನೀರು ಚಿಮುಕಿಸುವ ಕ್ರಮವು ಒಣ ಹವೆಯ ಊರುಗಳಿಂದ ಬಂದದ್ದು. ನಮ್ಮ ಮಳೆಗಾಲಕ್ಕೆ ಅದರ ಅಗತ್ಯವಿಲ್ಲ.

ಹೇಂಟೆಯಿಲ್ಲದೆ ಮರಿಮಾಡಿಸುವುದು ಹೊಸ ವಿದ್ಯೆಯಲ್ಲ. ಈಜಿಪ್ಟ್ ದೇಶದವರು ಸಾವಿರಾರು ವರ್ಷಗಳಿಂದ ಇಟ್ಟಿಗೆಯ ಗೂಡುಗಳಲ್ಲಿ ಬೆಂಕಿಯ ಶಾಖದಿಂದ ಮೊಟ್ಟೆಗಳನ್ನು ಒಡೆಯಿಸುತ್ತಿದ್ದರು. ಥರ್ಮಾಮೀಟರಿಲ್ಲದೆ, ಮೊಟ್ಟೆಯನ್ನು ಕಣ್ಣಿನ ರೆಪ್ಪೆಗೆ ತಾಗಿಸಿ ಶಾಖವನ್ನು ಅಳೆಯುತ್ತಿದ್ದರು. ಇಂದು ಮಂಗಳೂರಿನಲ್ಲಿ ಮೀನು ಸಾಗಿಸುವ ಥರ್ಮೋಕೋಲ್ ಪೆಟ್ಟಿಗೆಯೊಂದನ್ನು ಚೆನ್ನಾಗಿ ತೊಳೆದು ಒಣಗಿಸಿ, ಶಾಖವನ್ನು ಹತೋಟಿಯಲ್ಲಿಡುವ ಥರ್ಮೋಸ್ಟಾಟನ್ನೂ, ಸಣ್ಣ ಫ್ಯಾನನ್ನೂ, ತಂತಿ ಕಾದು ಬೆಳಗುವ ಹಳೆಯ ಬಗೆಯ ಬಲ್ಬನ್ನೂ ಜೋಡಿಸಿದರೆ ಪೆಟ್ಟಿಗೆ ಸಿದ್ಧ. ಈಗಿನ ಎಲ್‌ಇಡಿ ದೀಪಗಳು ಬೆಳಕು ಕೊಡುವುವೇ ಹೊರತು ಸಾಕಷ್ಟು ಶಾಖ ಕೊಡಲಾರವು. ಫ್ಯಾನಿರುವ ಪೆಟ್ಟಿಗೆಯಲ್ಲಿ 37.5 ಡಿಗ್ರಿಯೂ, ಇಲ್ಲದುದರಲ್ಲಿ ಮೊಟ್ಟೆಗಳ ಮೇಲ್ಮಟ್ಟಕ್ಕೆ 38.5 ಡಿಗ್ರಿಯೂ ಇರಬೇಕು. ಗಾಳಿಮಳೆಗೆ ವಿದ್ಯುತ್ತು ಹೋದರೆ ಗಾಬರಿಯಾಗಬೇಕಾದದ್ದಿಲ್ಲ. ಪೆಟ್ಟಿಗೆಯ ಮುಚ್ಚಳ ತೆಗೆಯದೆ ಮೇಲೆ ಕಂಬಳಿ ಹೊದೆಸಿ, ಒಳಗೆ ಬಿಸಿನೀರಿನ ಶೀಶೆಗಳನ್ನಿಟ್ಟು, ಗಾಳಿಯ ಕಂಡಿಯನ್ನು ಮಾತ್ರ ಮುಚ್ಚದೆ ಬಿಟ್ಟರೆ ಒಂದೆರಡು ಗಂಟೆಗಳ ತಂಪನ್ನು ಮೊಟ್ಟೆ ಸಹಿಸುವುದು; ಮರಿ ಹುಟ್ಟುವುದು ಸ್ವಲ್ಪ ತಡವಾದೀತು. ಅಧಿಕ ಶಾಖವೇ ಹೆಚ್ಚು ಘಾತುಕ: 40 ಡಿಗ್ರಿಗೆ ಮೀರಿ ಕೆಲವು ಗಂಟೆಗಳು ಕಳೆದರೆ ಎಲ್ಲವೂ ಸಾಯಬಹುದು.

ಮೊಟ್ಟೆಗಳನ್ನು ದಿನಕ್ಕೆ ಮೂರಕ್ಕೆ ಕಡಿಮೆಯಿಲ್ಲದಂತೆ, ಐದು ಸಲವಾದರೆ ಇನ್ನೂ ಒಳ್ಳೆಯದು, ಹೊರಳಿಸಬೇಕು. ಇಲ್ಲದಿದ್ದರೆ ಭ್ರೂಣವು ಪೊರೆಗೆ ಅಂಟುವುದು. ಏಳನೆಯ ರಾತ್ರಿ ಕತ್ತಲೆ ಕೋಣೆಯಲ್ಲಿ ಟಾರ್ಚಿನ ಬೆಳಕಿಗೆ ಹಿಡಿದರೆ ಜೀವವಿರುವ ಮೊಟ್ಟೆಯಲ್ಲಿ ಜೇಡನ ಬಲೆಯಂತೆ ರಕ್ತನಾಳಗಳು ಕಾಣುವುವು. ಬರಿದಾಗಿ ಹೊಳೆಯುವುದನ್ನೂ, ರಕ್ತದ ಉಂಗುರ ಮಾತ್ರ ಕಾಣುವುದನ್ನೂ ತೆಗೆದುಬಿಡಬೇಕು. ಹದಿನೆಂಟನೆಯ ದಿನ ಗಾಳಿಗೂಡು ಮೊಟ್ಟೆಯ ಮೂರನೆಯ ಒಂದು ಭಾಗದಷ್ಟು ಇರುವುದು ಸರಿಯಾದ ಲಕ್ಷಣ.

ಹದಿನೆಂಟನೆಯ ದಿನದಿಂದ ಕ್ರಮವು ತಿರುವುಮುರುವಾಗುತ್ತದೆ. ಇನ್ನು ಮೊಟ್ಟೆಗಳನ್ನು ಹೊರಳಿಸಕೂಡದು, ಮುಚ್ಚಳ ತೆಗೆಯಕೂಡದು, ಮಳೆಗಾಲವಾದರೂ ಈಗ ತಟ್ಟೆಯಲ್ಲಿ ನೀರಿಡಬೇಕು. ಚಿಪ್ಪು ಬಿರಿದ ಮೇಲೆ ಒಳಪೊರೆಯು ಒಣಗಿ ಮರಿಯನ್ನು ಬಿಗಿಯದಿರುವುದಕ್ಕೆ ನೂರಕ್ಕೆ 65ರಿಂದ 70ರಷ್ಟು ತೇವ ಅವಶ್ಯಕ. ಮೊದಲು ಒಣಗಿಸಿ ಕಡೆಗೆ ನೆನೆಸುವುದೆಂಬ ಈ ಕ್ರಮವನ್ನು ಹಿಂದುಮುಂದು ಮಾಡುವುದರಿಂದಲೇ ಕರಾವಳಿಯಲ್ಲಿ ಹೆಚ್ಚಿನ ಮರಿಗಳು ನಷ್ಟವಾಗುವುದು. ಮೊದಲ ರಂಧ್ರ ಕಂಡ ಮೇಲೆ ಮರಿಯು ಹೊರಬರಲು ಹನ್ನೆರಡರಿಂದ ಇಪ್ಪತ್ತನಾಲ್ಕು ಗಂಟೆ ಹಿಡಿಯಬಹುದು. ಆ ಹೊತ್ತಿನಲ್ಲಿ ಅದು ಪೊರೆಯ ರಕ್ತವನ್ನೂ ಉಳಿದ ಹಳದಿಯನ್ನೂ ಮೈಯೊಳಗೆ ಎಳೆದುಕೊಳ್ಳುತ್ತಿರುತ್ತದೆ. ಕನಿಕರದಿಂದ ಚಿಪ್ಪು ಸುಲಿದವರು ರಕ್ತಸ್ರಾವದಿಂದ ಮರಿಯನ್ನು ಕಳೆದುಕೊಳ್ಳುವರು.

ಹುಟ್ಟಿದ ಮರಿಗೆ ಆ ಹಳದಿಯೇ ಎರಡು ದಿನಗಳ ಬುತ್ತಿ. ತುಪ್ಪಳ ಒಣಗುವ ತನಕ ಪೆಟ್ಟಿಗೆಯಲ್ಲಿಯೇ ಬಿಡಬಹುದು. ಬಳಿಕ ಮೊದಲ ವಾರ 35 ಡಿಗ್ರಿ ಶಾಖವಿತ್ತು, ವಾರಕ್ಕೆ ಮೂರು ಡಿಗ್ರಿಯಂತೆ ಇಳಿಸಬೇಕು. ಮರಿಗಳು ದೀಪದ ಕೆಳಗೆ ಗುಂಪುಗೂಡಿದರೆ ಚಳಿ, ದೂರ ಸರಿದು ರೆಕ್ಕೆ ಬಿಚ್ಚಿದರೆ ಸೆಕೆ. ಕೊಕ್ಕರೆ ರೋಗವೆಂದು ನಮ್ಮವರು ಕರೆಯುವ ರಾಣಿಖೇತ್ ರೋಗವು ತಗುಲಿದರೆ ಹಿಂಡಿಗೆ ಹಿಂಡೇ ಸಾಯುವುದು. ಅದಕ್ಕೆ ಔಷಧವಿಲ್ಲ, ಲಸಿಕೆಯೊಂದೇ ಗತಿ. ಐದರಿಂದ ಏಳನೆಯ ದಿನದೊಳಗೆ ಕಣ್ಣಿಗೆ ಅಥವಾ ಮೂಗಿಗೆ ಒಂದು ಹನಿ ಹಾಕಿಸಿ, ಆರರಿಂದ ಎಂಟು ವಾರಗಳ ಪ್ರಾಯದಲ್ಲಿ ಚುಚ್ಚುಮದ್ದನ್ನು ಕೊಡಿಸತಕ್ಕದ್ದು. ಲಸಿಕೆಯ ಒಂದು ಶೀಶೆಯು ನೂರಕ್ಕೆ ಕಡಿಮೆಯಿಲ್ಲದ ಮರಿಗಳಿಗೆ ಸಾಕಾಗುವಷ್ಟಿರುವುದರಿಂದಲೂ, ಕಲಸಿದ ಮೇಲೆ ಕೆಲವೇ ಗಂಟೆಗಳು ಮಾತ್ರ ಸತ್ತ್ವ ಉಳಿಯುವುದರಿಂದಲೂ, ಗ್ರಾಮದ ಹಿರಿಯರು ನೆರೆಯ ಹತ್ತು ಮನೆಗಳವರು ಒಂದೇ ವಾರದಲ್ಲಿ ಮರಿಮಾಡಿಸುವಂತೆ ಮೊದಲೇ ಗೊತ್ತುಮಾಡಿ, ಆ ದಿನವನ್ನು ಸಮೀಪದ ಪಶು ಆಸ್ಪತ್ರೆಗೆ ತಿಳಿಸಿಡುವುದು ಅನುಕೂಲ.